ರೋಗವಾಹಕ ಯಂತ್ರಗಳು

ತನಗೆ ರೋಗಲಕ್ಷಣವಿಲ್ಲದಿದ್ದರೂ ಪರರಿಗೆ ರೋಗವನ್ನು ಹರಡುವವನನ್ನು ವೈದ್ಯರು ರೋಗವಾಹಕನೆನ್ನುತ್ತಾರೆ. ಯಂತ್ರಗಳಲ್ಲಿಯೂ ಇಂಥ ವಾಹಕಗಳುಂಟೆಂಬುದನ್ನು ಬಹುಮಂದಿ ಅರಿಯರು. ಒಡೆಯನಿಗೆ ತಿಳಿಯದಂತೆ ಸೋಂಕಿಗೊಳಗಾಗಿ, ದೂರದ ದುಷ್ಕರ್ಮಿಯ ಆಜ್ಞೆಯನ್ನು ಪಾಲಿಸುವ ಕಂಪ್ಯೂಟರು, ಕ್ಯಾಮೆರಾ, ರೌಟರುಗಳ ಸಮೂಹವೇ ‘ಬಾಟ್‌ನೆಟ್’.

2016ರಲ್ಲಿ ಕಾಣಿಸಿಕೊಂಡ ‘ಮಿರಾಯ್’ ಇದಕ್ಕೆ ಪ್ರಸಿದ್ಧ ನಿದರ್ಶನ. ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನು ಬದಲಿಸದ ಉಪಕರಣಗಳನ್ನೇ ಅದು ಹುಡುಕಿ ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ 21ರಂದು ಅವೆಲ್ಲವೂ ಅಮೆರಿಕದ ‘ಡಿನ್’ ಸಂಸ್ಥೆಯ ಮೇಲೆ ಒಮ್ಮೆಲೇ ಬೇಡಿಕೆಗಳ ಮಳೆಗರೆಯಲು, ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದವು ಗಂಟೆಗಟ್ಟಲೆ ಅಲಭ್ಯವಾದವು.

ಪುಣೆಯೂ ಅದೃಶ್ಯ ಶತ್ರುವಿನ ಪೆಟ್ಟನ್ನು ತಿಂದ ನಗರವೇ. 2018ರ ಆಗಸ್ಟ್ 11 ಮತ್ತು 13ರಂದು ಇಲ್ಲಿನ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಅಪಹೃತವಾಯಿತು; 28 ದೇಶಗಳ ಎ.ಟಿ.ಎಂ.ಗಳಿಂದ ಹಣ ತೆಗೆಯಲಾಯಿತು. ಅದು ಮಿರಾಯ್ ಬಗೆಯ ದಾಳಿಯಲ್ಲ. ಆದರೆ ಒಳಹೊಕ್ಕ ದುಷ್ಟ ತಂತ್ರಾಂಶವೊಂದು, ಯಂತ್ರವನ್ನು ಅದರ ಒಡೆಯನಿಗೇ ದ್ರೋಹಿಯಾಗಿಸಬಲ್ಲದೆಂಬ ಪಾಠ ಎರಡರಲ್ಲಿಯೂ ಒಂದೇ.

“ನನ್ನ ಮನೆಯಲ್ಲಿ ಕದಿಯಲು ಏನಿದೆ?” ಎಂದು ಕೇಳುವವರುಂಟು. ಈ ಪ್ರಶ್ನೆಯೇ ತಪ್ಪು. ಬಾಟ್‌ನೆಟ್ಟಿನ ಒಡೆಯನಿಗೆ ಬೇಕಾದುದು ಆ ಮನೆಯ ಐಶ್ವರ್ಯವಲ್ಲ, ಆ ಮನೆಯ ವಿಳಾಸ. ಪತ್ರವನ್ನು ಓದದೆ ಸಹಿ ಮಾಡಿದ ಜಾಮೀನುದಾರನಂತೆ, ಗುಪ್ತಪದವನ್ನು ಬದಲಿಸದ ಗೃಹಸ್ಥನೂ, ಕಾನೂನಿನಲ್ಲಲ್ಲದಿದ್ದರೂ ನೀತಿಯಲ್ಲಿ, ಪರರ ನಷ್ಟಕ್ಕೆ ಹೊಣೆಗಾರನೇ.

ಚಿಕಿತ್ಸೆಗಿಂತ ನಿರೋಧ ಲೇಸು. ಉಪಕರಣವನ್ನು ಕೊಂಡ ದಿನವೇ ಗುಪ್ತಪದವನ್ನು ಬದಲಿಸಬೇಕು. ತಯಾರಕರು ನೀಡುವ ಪರಿಷ್ಕರಣೆಗಳನ್ನು ಅಳವಡಿಸಬೇಕು. ಪರಿಷ್ಕರಣೆ ನಿಂತುಹೋದ ಹಳೆಯ ರೌಟರನ್ನು ತ್ಯಜಿಸಬೇಕು. ಅಪರಿಚಿತ ಕಡತಗಳನ್ನು ತೆರೆಯಬಾರದು. ಮಿರಾಯ್ ಸೋಂಕು ಯಂತ್ರವನ್ನು ಆರಿಸಿ ಹೊತ್ತಿಸಿದರೆ ಅಳಿಯುತ್ತದೆ. ಗುಪ್ತಪದ ಹಳೆಯದೇ ಆಗಿದ್ದರೆ ಬೇಗನೆ ಮರಳುತ್ತದೆ. ಸೊಳ್ಳೆಗಳನ್ನು ಉಳಿಸಿಕೊಂಡು ಜ್ವರಕ್ಕೆ ಮಾತ್ರ ಮದ್ದು ಕುಡಿದಂತೆ! ಸೋಂಕಿನ ಶಂಕೆಯಿದ್ದವರಿಗಾಗಿ ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ವು ಶುದ್ಧೀಕರಣ ಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ.

ಹೊರೆಯೆಲ್ಲವನ್ನೂ ಗ್ರಾಹಕನ ಮೇಲೆ ಹೊರಿಸುವುದೂ ನ್ಯಾಯವಲ್ಲ. ಸುಲಭವಾಗಿ ಊಹಿಸಬಹುದಾದ ಗುಪ್ತಪದಗಳೊಂದಿಗೆ ಉಪಕರಣಗಳನ್ನು ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್‌ನಿಂದ ನಿಷೇಧಿಸಿದೆ. ಮಾರುವವನಿಗೂ ಇಂಥ ಕಟ್ಟುಪಾಡು ಇರಬೇಕಾದುದೇ ಸರಿ.

1897ರ ಪ್ಲೇಗನ್ನು ಕಂಡ ಈ ಊರಿಗೆ ಒಂದು ಮನೆಯ ರೋಗ ಬೀದಿಯ ರೋಗವೆಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅಂಗಳದ ಕಸವನ್ನು ಗುಡಿಸುವ ಗೃಹಸ್ಥನು ಗೋಡೆಯ ಮೇಲಿನ ಕ್ಯಾಮೆರಾದತ್ತಲೂ ಒಮ್ಮೆ ಕಣ್ಣು ಹಾಯಿಸಿದರೆ ಅವನಿಗೂ ಕ್ಷೇಮ, ನೆರೆಯವರಿಗೂ ಕ್ಷೇಮ.