ಹಳದಿ ಸಾಲು, ಕೆಂಪು ಸಾಲು, ಹಸಿರು ಸಾಲು

ಫಿಸಿಯೋಥೆರಪಿ, ಹಲ್ಲಿನ ಕ್ಲಿನಿಕ್, ಕೌನ್ಸೆಲಿಂಗ್, ಡಯಟ್ ಸಲಹೆ... ಸ್ವಂತ ಪ್ರಾಕ್ಟೀಸ್ ಶುರು ಮಾಡಿದವರು ಮೊದಮೊದಲು ಎಕ್ಸೆಲ್‌ನಲ್ಲೋ ಗೂಗಲ್ ಶೀಟ್‌ನಲ್ಲೋ ಕೆಲಸ ತೂಗಿಸ್ತಾರೆ. ಒಂದು ಶೀಟಲ್ಲಿ ಹೆಸರು, ಫೋನ್ ನಂಬರ್. ಇನ್ನೊಂದರಲ್ಲಿ ಯಾರು ಯಾವತ್ತು ಎಷ್ಟು ಗಂಟೆಗೆ ಬರ್ತಾರೆ ಅನ್ನೋದು. ಬರುವವರು ಹೆಚ್ಚಾದ ಹಾಗೆ ಒಂದೇ ಹೊತ್ತಿಗೆ ಇಬ್ಬರು ಬಂದು ಕೂತಿರ್ತಾರೆ, ನೆನಪಿಸೋಕೆ ಫೋನ್ ಮಾಡಿ ಮಾಡಿ ರಿಸೆಪ್ಷನ್‌ನಲ್ಲಿರುವವರಿಗೆ ಗಂಟಲು ಬಿದ್ದುಹೋಗಿರುತ್ತೆ. ಆಗ ಶೆಡ್ಯೂಲಿಂಗ್ ಸಾಫ್ಟ್‌ವೇರ್ ತಗೊಳ್ಳೋ ಯೋಚನೆ ಬರುತ್ತೆ.

ಸಾಫ್ಟ್‌ವೇರ್ ಮಾರುವವರು ಸಾಮಾನ್ಯವಾಗಿ ಹೇಳೋದು ಒಂದೇ ಮಾತು: "ನಿಮ್ಮ ಹಳೇ ಶೀಟ್ ಅಪ್‌ಲೋಡ್ ಮಾಡಿ, ಐದು ನಿಮಿಷದಲ್ಲಿ ಎಲ್ಲ ಬಂದ್ಬಿಡುತ್ತೆ." ಅಪ್‌ಲೋಡ್ ಆಗೋಕೆ ಐದು ನಿಮಿಷ ಸಾಕು, ನಿಜ. ಆದರೆ "ಎಲ್ಲ ಬರುತ್ತೆ" ಅನ್ನೋದು ಮಾತ್ರ ಸುಳ್ಳು. ಶೀಟಿನ ಅಕ್ಷರ, ಅಂಕಿ ಬರ್ತವೆ. ಆ ಶೀಟನ್ನು ವರ್ಷಗಟ್ಟಲೆ ನೋಡಿಕೊಂಡವರಿಗೆ ಗೊತ್ತಿರೋದು ಬರಲ್ಲ. ಸಣ್ಣ ಕ್ಲಿನಿಕ್‌ಗಳಿಗೆ ಈ ಬದಲಾವಣೆ ಮಾಡಿಕೊಡೋದೇ ನನ್ನ ಕೆಲಸವಾದ್ದರಿಂದ ಇದನ್ನು ಮತ್ತೆ ಮತ್ತೆ ನೋಡಿದ್ದೀನಿ.

ಮೈಸೂರಿನ ಒಂದು ಕಡೆ ಫಿಸಿಯೋಥೆರಪಿ ಮತ್ತು ಕೌನ್ಸೆಲಿಂಗ್ ಎರಡೂ ಒಂದೇ ಸೂರಿನಡಿ ನಡೀತಿತ್ತು. ಆರುನೂರು ಚಿಲ್ಲರೆ ಸಾಲಿನ ಶೀಟು. ತೆರೆದು ನೋಡಿದ್ರೆ ಹೋಳಿ ಹಬ್ಬ! ಕೆಲವು ಸಾಲು ಹಳದಿ, ಕೆಲವು ಕೆಂಪು, ಅಲ್ಲೊಂದು ಇಲ್ಲೊಂದು ಹಸಿರು. ಮಾಲೀಕರನ್ನು ಕೇಳಿದೆ. "ಅದು ನಮ್ಮ ರಿಸೆಪ್ಷನ್‌ನವರು ಚೆಂದಕ್ಕೆ ಹಾಕ್ಕೊಂಡಿರ್ತಾರೆ ಬಿಡಿ" ಅಂದ್ರು. ಆ ಶೀಟನ್ನು ಎಂಟು ವರ್ಷದಿಂದ ತುಂಬುತ್ತಿದ್ದ ಅಕ್ಕನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ.

"ಅಕ್ಕ, ಹಳದಿ ಅಂದ್ರೆ ಏನು?"

"ಅವ್ರಿಗೆ ಮೆಟ್ಲು ಹತ್ತಕ್ಕಾಗಲ್ಲ ಮೇಡಂ. ಕೆಳಗಡೆ ರೂಮೇ ಕೊಡ್ಬೇಕು."

"ಕೆಂಪು?"

"ದುಡ್ಡು ಬಾಕಿ."

"ಹಸಿರು?"

ಅಕ್ಕ ಸ್ವಲ್ಪ ಸುಮ್ಮನಾದ್ರು. ಆಮೇಲೆ ದನಿ ತಗ್ಗಿಸಿ, "ಅವ್ರಿಗೆ ಫೋನ್ ಮಾಡ್ಬಾರ್ದು ಮೇಡಂ. ಕೌನ್ಸೆಲಿಂಗ್‌ಗೆ ಬರೋದು ಮನೇಲಿ ಗೊತ್ತಿಲ್ಲ. ಇಲ್ಲಿರೋದು ಯಜಮಾನ್ರ ನಂಬರ್ರು" ಅಂದ್ರು.

ಮೊದಲು ಬೆನ್ನುನೋವಿಗೆ ಫಿಸಿಯೋಗೆ ಬಂದಾಗ ಗಂಡನ ನಂಬರ್ ಬರೆಸಿರ್ತಾರೆ. ಆಮೇಲೆ ಕೌನ್ಸೆಲಿಂಗ್‌ಗೂ ಬರೋಕೆ ಶುರು ಮಾಡ್ತಾರೆ, ಶೀಟಲ್ಲಿ ಹಳೇ ನಂಬರೇ ಉಳಿದಿರುತ್ತೆ. ಅಂಥ ಹಸಿರು ಸಾಲುಗಳು ಹನ್ನೊಂದಿದ್ದವು.

ಇಂಪೋರ್ಟ್ ಮಾಡೋಕೆ ಬಹುತೇಕ ಸಾಫ್ಟ್‌ವೇರ್‌ಗಳು ಕೇಳೋದು ಸಿಎಸ್‌ವಿ ಫೈಲ್. ಅಂದ್ರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರೀ ಅಕ್ಷರಗಳ ಸಾಲು. ಅದರಲ್ಲಿ ಬಣ್ಣ ಇರಲ್ಲ, ಸೆಲ್‌ಗೆ ಅಂಟಿಸಿದ ಕಮೆಂಟ್ ಇರಲ್ಲ, ಎರಡನೇ ಶೀಟೂ ಇರಲ್ಲ. ಹಸಿರು ಬಣ್ಣ ಅಲ್ಲೇ ಉದುರಿಹೋಗುತ್ತೆ. ಉಳಿಯೋದು ಒಂದು ಹೆಸರು, ಒಂದು ಫೋನ್ ನಂಬರ್. ಇನ್ನು ಸಾಫ್ಟ್‌ವೇರ್‌ನ ಮುಖ್ಯ ಆಕರ್ಷಣೆಯೇ ತಾನಾಗಿ ಹೋಗೋ ರಿಮೈಂಡರ್. "ನಾಳೆ ಸಂಜೆ 4ಕ್ಕೆ ನಿಮ್ಮ ಕೌನ್ಸೆಲಿಂಗ್ ಇದೆ" ಅನ್ನೋ ಮೆಸೇಜ್ ನೇರ ಗಂಡನ ಮೊಬೈಲಿಗೆ. ಎಂಟು ವರ್ಷ ಅಕ್ಕ ಕಾಪಾಡಿಕೊಂಡು ಬಂದ ಗುಟ್ಟು ಒಂದೇ ರಾತ್ರಿಯಲ್ಲಿ ಹನ್ನೊಂದು ಮನೆಗಳಲ್ಲಿ ಬಯಲಾಗ್ತಿತ್ತು.

ಹಾಗಾಗಿ ನನ್ನ ಮೊದಲ ಮಾತು: ಅಪ್‌ಲೋಡ್ ಬಟನ್ ಹತ್ತಿರ ಹೋಗೋ ಮೊದಲು ಆ ಶೀಟನ್ನು ತುಂಬಿದವರ ಜೊತೆ ಅರ್ಧ ದಿನ ಕೂತ್ಕೊಳ್ಳಿ. ಪ್ರತಿ ಬಣ್ಣಕ್ಕೂ ಅರ್ಥ ಕೇಳಿ, ಆ ಅರ್ಥವನ್ನು ಒಂದು ಕಾಲಂ ಮಾಡಿ. ನಾವು ಅಲ್ಲಿ ಸೇರಿಸಿದ್ದು ನಾಲ್ಕು: "ಕೆಳಗಿನ ರೂಮ್ ಬೇಕಾ", "ಬಾಕಿ ಎಷ್ಟು", "ಈ ಫೋನ್ ಯಾರದು", "ಮೆಸೇಜ್ ಕಳಿಸಬಹುದಾ". ಕೊನೆಯದಕ್ಕೆ ಹೌದು ಅಂತ ಬರೆದಿದ್ರೆ ಮಾತ್ರ ಮೆಸೇಜ್. ಖಾಲಿ ಇದ್ರೆ ಇಲ್ಲ ಅಂತಲೇ ಲೆಕ್ಕ. ಮುಂದಿನ ಸಲ ಬಂದಾಗ ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಕೇಳಿದ್ದಾಯ್ತು. ಕೆಲವರು ತಮ್ಮದೇ ನಂಬರ್ ಕೊಟ್ರು. ಕೆಲವರು "ಮೆಸೇಜೇ ಬೇಡ, ನಾನೇ ನೆನಪಿಟ್ಕೋತೀನಿ" ಅಂದ್ರು. ಮೆಸೇಜಿನ ಒಕ್ಕಣೆಯನ್ನೂ ಬದಲಾಯಿಸಿ, ಯಾವ ಚಿಕಿತ್ಸೆ ಅನ್ನೋದನ್ನ ತೆಗೆದು, ದಿನ ಮತ್ತು ಸಮಯ ಮಾತ್ರ ಉಳಿಸಿದ್ವಿ.

ಒಂದೇ ನಂಬರಿನಲ್ಲಿ ಇಡೀ ಕುಟುಂಬ ಇರೋದು ನಮ್ಮಲ್ಲಿ ತೀರಾ ಸಾಮಾನ್ಯ. ಅಜ್ಜಿ, ಮೊಮ್ಮಗ, ಸೊಸೆ ಎಲ್ಲರಿಗೂ ಮಗನ ನಂಬರೇ. ಕೆಲವು ಸಾಫ್ಟ್‌ವೇರ್‌ಗಳು ಫೋನ್ ನಂಬರ್ ಒಂದೇ ಇದ್ರೆ ವ್ಯಕ್ತಿಯೂ ಒಬ್ಬರೇ ಅಂದ್ಕೊಂಡು ಸಾಲುಗಳನ್ನ ಸೇರಿಸಿಬಿಡ್ತವೆ. ಅಜ್ಜಿಯ ಮಂಡಿನೋವು ಮೊಮ್ಮಗನ ಹೆಸರಿಗೆ! ಇದಕ್ಕೆ ಮದ್ದು ಸುಲಭ. ಶೀಟಿನಲ್ಲೇ ಪ್ರತಿಯೊಬ್ಬರಿಗೂ ಒಂದೊಂದು ಬೇರೆ ಸಂಖ್ಯೆ ಕೊಡಿ: 1001, 1002, ಹೀಗೆ. ಅಪಾಯಿಂಟ್‌ಮೆಂಟ್ ಶೀಟಿನಲ್ಲೂ ಹೆಸರಿನ ಪಕ್ಕ ಅದೇ ಸಂಖ್ಯೆ ಇರಲಿ. ಮೊದಲು ಜನರನ್ನ ಇಂಪೋರ್ಟ್ ಮಾಡಿ, ಆಮೇಲೆ ಅಪಾಯಿಂಟ್‌ಮೆಂಟ್. ಜನರೇ ಇಲ್ಲದಿದ್ರೆ ಅಪಾಯಿಂಟ್‌ಮೆಂಟನ್ನ ಯಾರಿಗೆ ಜೋಡಿಸೋದು?

ಹೆಸರಿನದ್ದು ಇನ್ನೊಂದು ಕಥೆ. ಹೊರದೇಶದ ಸಾಫ್ಟ್‌ವೇರ್ ಆದ್ರೆ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಕಾಲಂ ಕೇಳುತ್ತೆ. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ನಿಂತಿರುತ್ತೆ. ಕೆಲವರಿಗೆ ಹಿಂದೆ. ಉತ್ತರ ಕರ್ನಾಟಕದವರಾದ್ರೆ ಮನೆತನದ ಹೆಸರು ಕೊನೆಗೆ. ಖಾಲಿ ಜಾಗ ಸಿಕ್ಕ ಕಡೆ ಕತ್ತರಿಸಿ ಎರಡು ಕಾಲಂ ಮಾಡೋಕೆ ಹೋದ್ರೆ "ಕೆ." ಅನ್ನೋರಿಗೆ ರಿಮೈಂಡರ್ ಹೋಗುತ್ತೆ: "ನಮಸ್ಕಾರ ಕೆ.!" ಪೂರ್ತಿ ಹೆಸರನ್ನ ಮೊದಲನೇ ಕಾಲಂನಲ್ಲೇ ಇಟ್ಟು, ಎರಡನೆಯದರಲ್ಲಿ ಇನಿಷಿಯಲ್ ಅಥವಾ ಒಂದು ಚುಕ್ಕಿ ಇಡೋದು ವಾಸಿ. ಲಕ್ಷ್ಮಿಯನ್ನ ಇಂಗ್ಲಿಷಲ್ಲಿ ಇಬ್ಬರು ಎರಡು ಥರ ಬರೆದಿದ್ರೆ ಒಬ್ಬರೇ ಇಬ್ಬರಾಗಿರ್ತಾರೆ, ಅದನ್ನೂ ನೋಡ್ಕೊಳ್ಳಿ.

ಇನ್ನು ಎಕ್ಸೆಲ್‌ನ ಸ್ವಭಾವ. ಅದು ತುಂಬಾ ಸಹಾಯ ಮಾಡೋಕೆ ಹೋಗಿ ಕೆಡಿಸೋ ನೆಂಟರ ಥರ. ಅಂಕಿ ಕಂಡ್ರೆ ಲೆಕ್ಕ ಅನ್ನುತ್ತೆ, ತಾರೀಕಿನ ಹಾಗೆ ಕಂಡ್ರೆ ತಾರೀಕು ಮಾಡಿಬಿಡುತ್ತೆ. ವಿಜ್ಞಾನಿಗಳಿಗೂ ಇದರ ಕಾಟ ತಪ್ಪಿಲ್ಲ. ಮನುಷ್ಯರ ಕೆಲವು ಜೀನ್‌ಗಳ ಚಿಕ್ಕ ಹೆಸರುಗಳು "ಮಾರ್ಚ್1", "ಸೆಪ್ಟ್1" ಅಂತ ಇದ್ದವು. ಎಕ್ಸೆಲ್ ಅವನ್ನ ಮಾರ್ಚ್ 1, ಸೆಪ್ಟೆಂಬರ್ 1 ಮಾಡ್ತಿತ್ತು. ಜೀನ್‌ಗಳಿಗೆ ಹೆಸರಿಡೋ ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಆ ಹೆಸರುಗಳನ್ನೇ ಬದಲಾಯಿಸಿದ ವಿಷಯ ಹೇಳಿತು. ಎಕ್ಸೆಲ್ ಬಗ್ಗಲಿಲ್ಲ, ವಿಜ್ಞಾನ ಬಗ್ಗಿತು!

ನಮ್ಮ ಶೀಟಿನಲ್ಲಿ ಇದು ಮೊದಲು ತಗಲೋದು ಫೋನ್ ನಂಬರಿಗೆ. 91 ಸೇರಿಸಿ ಬರೆದ್ರೆ 12 ಅಂಕಿ ಆಗುತ್ತೆ. 11 ಅಂಕಿ ದಾಟಿದ್ದನ್ನೆಲ್ಲ ಎಕ್ಸೆಲ್ ಸಾಮಾನ್ಯ ಸೆಲ್‌ನಲ್ಲಿ "9.19 ಇ ಪ್ಲಸ್ 11" ಅನ್ನೋ ಥರ ಮೊಟಕು ಮಾಡಿ ತೋರಿಸುತ್ತೆ. ಹಾಗೆಯೇ ಸಿಎಸ್‌ವಿ ಆಗಿ ಸೇವ್ ಮಾಡಿದ್ರೆ ಕಣ್ಣಿಗೆ ಕಾಣೋದೇ ಫೈಲಿಗೂ ಹೋಗುತ್ತೆ, ಉಳಿದ ಅಂಕಿ ಅಲ್ಲಿಗೆ ಶಿವಾಯ ನಮಃ. 14 ಅಂಕಿಯ ಆಭಾ ನಂಬರಿಗೂ ಇದೇ ಗತಿ. ಸೇವ್ ಮಾಡೋ ಮೊದಲು ಆ ಕಾಲಂ ಆಯ್ಕೆ ಮಾಡಿ, ಫಾರ್ಮ್ಯಾಟನ್ನ ದಶಮಾಂಶ ಇಲ್ಲದ ನಂಬರ್ ಅಂತ ಮಾಡಿ, ಪೂರ್ತಿ ಅಂಕಿ ಕಾಣ್ತಿದ್ಯಾ ನೋಡಿ. ಒಮ್ಮೆ ಸಿಎಸ್‌ವಿ ಆದ ಮೇಲೆ ಅದನ್ನ ಮತ್ತೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡೋಕೆ ಹೋಗ್ಬೇಡಿ. ಪರೀಕ್ಷಿಸಬೇಕಿದ್ರೆ ನೋಟ್‌ಪ್ಯಾಡ್‌ನಲ್ಲಿ ತೆರೀರಿ.

ಎರಡನೆಯದು ತಾರೀಕು. 03/04 ಅಂದ್ರೆ ನಮಗೆ ಏಪ್ರಿಲ್ 3. ಅಮೆರಿಕದ ಲೆಕ್ಕದಲ್ಲಿ ನಡೆಯೋ ಸಾಫ್ಟ್‌ವೇರಿಗೆ ಮಾರ್ಚ್ 4. 25/04 ಇದ್ರೆ ಅದು "ಇದೇನು 25ನೇ ತಿಂಗಳು?" ಅಂತ ತಕರಾರು ಮಾಡುತ್ತೆ, ನಮಗೂ ಗೊತ್ತಾಗುತ್ತೆ. ತೊಂದರೆ ಇರೋದು ತಿಂಗಳ ಮೊದಲ 12 ದಿನಗಳಲ್ಲಿ. ತಾರೀಕೂ ತಿಂಗಳೂ ಒಂದೇ ಆಗಿರೋ ದಿನಗಳನ್ನ ಬಿಟ್ರೆ ವರ್ಷಕ್ಕೆ 132 ದಿನಗಳು ಸದ್ದಿಲ್ಲದೆ ಅದಲುಬದಲಾಗ್ತವೆ. ಯಾವ ಕೆಂಪು ಎಚ್ಚರಿಕೆಯೂ ಬರಲ್ಲ. ಅದಕ್ಕೇ ತಾರೀಕನ್ನ ವರ್ಷ–ತಿಂಗಳು–ದಿನ ಕ್ರಮದಲ್ಲಿ, 2025-04-03 ಅಂತ ಬರೆದುಬಿಡಿ. ತಾರೀಕಿನ ಜಾಗದಲ್ಲಿ 45658 ಅಂತ ಕಂಡ್ರೆ ಗಾಬರಿ ಬೇಡ. ಎಕ್ಸೆಲ್ 1900ರ ಆರಂಭದಿಂದ ದಿನಗಳನ್ನ ಎಣಿಸಿ ಇಟ್ಕೊಳ್ಳುತ್ತೆ. ಅದು 2025ರ ಜನವರಿ 1, ಅಷ್ಟೇ.

ಸಮಯದ್ದೂ ಹಾಗೇ. ಅಕ್ಕ "5.30" ಅಂತ ಬರೆದ್ರೆ ಸಂಜೆ ಅಂತ ನಮಗೆ ಗೊತ್ತು. ಸಾಫ್ಟ್‌ವೇರಿಗೆ ಅದು ಬೆಳಗಿನ ಜಾವ. 17:30 ಅಂತ ಬರೀರಿ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಝೋನ್ ಭಾರತದ್ದೇ ಇದ್ಯಾ ನೋಡಿ. ಸಮಯವನ್ನ ಗ್ರೀನಿಚ್ ಲೆಕ್ಕದಲ್ಲಿ ತಗೊಂಡ್ರೆ ಬೆಳಿಗ್ಗೆ 10ಕ್ಕೆ ಬರಬೇಕಾದವರು ಮಧ್ಯಾಹ್ನ 3.30ಕ್ಕೆ ಕಾಣಿಸ್ಕೋತಾರೆ.

ಕನ್ನಡದಲ್ಲಿ ಹೆಸರು, ವಿಳಾಸ ಬರೆದಿದ್ರೆ ಸೇವ್ ಮಾಡುವಾಗ "ಸಿಎಸ್‌ವಿ ಯುಟಿಎಫ್-8" ಅನ್ನೋದನ್ನೇ ಆರಿಸಿ. ಬರೀ ಸಿಎಸ್‌ವಿ ಅಂತ ಕೊಟ್ರೆ ಕನ್ನಡ ಅಕ್ಷರ ಎಲ್ಲ ಪ್ರಶ್ನಾರ್ಥಕ ಚಿಹ್ನೆ ಆಗ್ತವೆ. ಹಳೇ ಕಾಲದ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದಾದ್ರೆ ಫಾಂಟ್ ಬದಲಾದ ಕೂಡಲೇ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅದನ್ನ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಇಷ್ಟೆಲ್ಲ ಆದ ಮೇಲೆ ನೇರ ಆರುನೂರು ಸಾಲು ಹಾಕೋದಲ್ಲ. ಮೊದಲು ಹತ್ತು. ಆ ಹತ್ತನ್ನ ಮೇಲಿಂದ ಸಾಲಾಗಿ ತಗೋಬೇಡಿ, ತರಲೆ ಸಾಲುಗಳನ್ನೇ ಹುಡುಕಿ ತಗೊಳ್ಳಿ. ಒಂದೇ ಹೆಸರಿನ ಇಬ್ಬರು, ಒಂದೇ ಫೋನಿನ ಮನೆಯವರು, ಫೋನೇ ಇಲ್ಲದವರು, ಕನ್ನಡದಲ್ಲಿ ಹೆಸರಿರೋರು, ಸಂಜೆ ಬರೋರು, ತಿಂಗಳ 5ನೇ ತಾರೀಕಿಗೆ ಬರೋರು, ವಾರವಾರ ಬರೋರು. ಈ ಹತ್ತು ಸರಿಯಾಗಿ ಕೂತ್ರೆ ಉಳಿದವೂ ಹೆಚ್ಚುಕಮ್ಮಿ ಕೂರ್ತವೆ. ಅದಕ್ಕೂ ಮೊದಲು ಸಾಫ್ಟ್‌ವೇರ್‌ನ ಎಲ್ಲಾ ತಾನಾಗಿ ಹೋಗೋ ಮೆಸೇಜುಗಳನ್ನ ಆಫ್ ಮಾಡಿ. ಹೊಸ ಅಪಾಯಿಂಟ್‌ಮೆಂಟ್ ಸೇರಿದ ಕ್ಷಣವೇ "ನಿಮ್ಮ ಬುಕಿಂಗ್ ಖಚಿತವಾಗಿದೆ" ಅಂತ ಕಳಿಸೋ ಸಾಫ್ಟ್‌ವೇರ್‌ಗಳಿವೆ. ಹಸಿರು ಸಾಲಿನವರನ್ನ ನೆನಪಿಸ್ಕೊಳ್ಳಿ.

ಕೊನೆಗೆ ಎಣಿಸಿ. ಇದನ್ನ ಯಾರೂ ಮಾಡಲ್ಲ. 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯಲ್ಲಿ 15,841 ಕೊರೊನಾ ಪ್ರಕರಣಗಳು ಲೆಕ್ಕಕ್ಕೇ ಸೇರಿರಲಿಲ್ಲ ಅನ್ನೋದು ಬಯಲಾಯ್ತು. ಲ್ಯಾಬ್‌ಗಳಿಂದ ಬಂದ ಸಿಎಸ್‌ವಿ ಫೈಲ್‌ಗಳನ್ನ ಎಕ್ಸೆಲ್‌ನ ಹಳೇ ಮಾದರಿಗೆ ಹಾಕ್ತಿದ್ರು. ಅದರಲ್ಲಿ ಹಿಡಿಸೋದು 65,536 ಸಾಲು ಮಾತ್ರ, ಮಿಕ್ಕಿದ್ದು ಹೊರಗೇ ಉಳೀತು. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನ ಹುಡುಕೋದು ಅಷ್ಟು ದಿನ ತಡವಾಯ್ತು. ನಮ್ಮ ಶೀಟ್ ಅಷ್ಟು ದೊಡ್ಡದಲ್ಲ, ಆದರೆ ಪಾಠ ಒಂದೇ. ಶೀಟಿನಲ್ಲಿ 612 ಜನ ಇದ್ರೆ ಸಾಫ್ಟ್‌ವೇರ್‌ನಲ್ಲೂ 612 ಇರ್ಬೇಕು. 598 ಕಂಡ್ರೆ ಆ 14 ಜನ ಎಲ್ಲಿ ಹೋದ್ರು ಅಂತ ಹೆಸರು ಹಿಡಿದು ಹುಡುಕಿ. ಮುಂದಿನ ವಾರದ ಅಪಾಯಿಂಟ್‌ಮೆಂಟುಗಳನ್ನ ದಿನಕ್ಕೆ ಎಷ್ಟು ಅಂತ ಎರಡೂ ಕಡೆ ತಾಳೆ ನೋಡಿ.

ಹಳೇ ಶೀಟನ್ನ ತಿದ್ದದೆ ಒಂದು ಕಡೆ ಪಾಸ್‌ವರ್ಡ್ ಹಾಕಿ ಇಡಿ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ, ಪೆನ್‌ಡ್ರೈವ್‌ನಲ್ಲಿ, ಸಾಫ್ಟ್‌ವೇರ್ ಕಂಪನಿಯವರ ಮೇಲ್‌ನಲ್ಲಿ ಓಡಾಡ್ತಿರೋ ಪ್ರತಿಗಳನ್ನ ಅಳಿಸಿ, ಅಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಸಾರವೂ ಇದೇ: ಯಾವ ಕೆಲಸಕ್ಕೆ ಅಂತ ಹೇಳಿ ಮಾಹಿತಿ ತಗೊಂಡಿದ್ದೀರೋ ಅದಕ್ಕಷ್ಟೇ ಬಳಸಿ, ಬೇಕಾದಷ್ಟೇ ಇಟ್ಕೊಳ್ಳಿ.

ನೀವು ಕ್ಲಿನಿಕ್ ನಡೆಸದೇ ಇರಬಹುದು. ಆದರೆ ನಿಮ್ಮ ಹೆಸರು ಒಂದಲ್ಲ ಒಂದು ಶೀಟಿನಲ್ಲಿ ಖಂಡಿತ ಇದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ರಿಸೆಪ್ಷನ್‌ನಲ್ಲಿ ಒಂದು ಮಾತು ಕೇಳಿ: "ನನ್ನ ಹೆಸರಿನ ಮುಂದೆ ಯಾರ ನಂಬರ್ ಇದೆ?" ಅಮ್ಮನ ಹೆಸರಿನ ಮುಂದೆ ಯಾರದಿದೆ ಅಂತಾನೂ ಕೇಳಿ. ಅವರಿಗೆ ಅವರದೇ ನಂಬರ್ ಬೇಕಿದ್ರೆ ಇವತ್ತೇ ಬರೆಸಿಬಿಡಿ.