ಬಣ್ಣದ ಪೆನ್ಸಿಲಿನ ಬೆಲೆ ಮತ್ತು ಯೋಗ್ಯತೆ

ಬಣ್ಣದ ಪೆನ್ಸಿಲಿನ ಯೋಗ್ಯತೆಯನ್ನು ಪೆಟ್ಟಿಗೆಯೊಳಗಿನ ಸಂಖ್ಯೆಯಿಂದ ಅಳೆಯುವ ರೂಢಿ ನಮ್ಮ ಪೇಟೆಗಳಲ್ಲಿ ಬೇರೂರಿರುವುದಾದರೂ, ಅದರ ನಿಜವಾದ ಗುಣವು ಮರದೊಳಗಿನ ಕಡ್ಡಿಯಲ್ಲಿ, ಎಂದರೆ ಅದರಲ್ಲಿರುವ ವರ್ಣದ್ರವ್ಯವೆಷ್ಟು, ಅದನ್ನು ಹಿಡಿದಿಡುವುದು ಮೇಣವೋ ಎಣ್ಣೆಯೋ ಎಂಬುದರಲ್ಲಿ ನೆಲೆಸಿದೆ.

ಅಮೆರಿಕದ ಪ್ರಿಸ್ಮಾಕಲರ್ ಪ್ರೀಮಿಯರ್ ಮೇಣಪ್ರಧಾನವಾದುದರಿಂದ, ಕಾಗದದ ಮೇಲೆ ಮೃದುವಾಗಿ ಜಾರುತ್ತ ಬಣ್ಣಗಳನ್ನು ಸುಲಭವಾಗಿ ಬೆರೆಯಗೊಡುತ್ತದೆ. ಆದರೆ ಒತ್ತಿ ತುಂಬಿದ ಕಡುನೀಲಿಯ ಮೇಲೆ ಕೆಲವು ದಿನಗಳ ತರುವಾಯ ಮಂಜಿನಂತಹ ಬಿಳಿಯ ಪೊರೆ ಏಳುವುದೂ ಆ ಮೇಣದಿಂದಲೇ. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಅದು ಹೋಗುತ್ತದೆ. ಜರ್ಮನಿಯ ಫೇಬರ್-ಕಾಸ್ಟೆಲ್ ಸಂಸ್ಥೆಯ ಪಾಲಿಕ್ರೋಮೋಸ್, 3.8 ಮಿಲಿಮೀಟರ್ ದಪ್ಪದ ತೈಲಪ್ರಧಾನ ಕಡ್ಡಿಯುಳ್ಳದ್ದಾಗಿ, ಮೊನೆಯನ್ನು ಬಹುಕಾಲ ಕಾಯ್ದುಕೊಂಡು, ಹಕ್ಕಿಯ ಗರಿಯ ಎಳೆಗಳನ್ನೂ ಬಿಡಿಬಿಡಿಯಾಗಿ ಮೂಡಿಸಬಲ್ಲುದು. ನನ್ನ ಮತದಲ್ಲಿ ಶ್ರೇಷ್ಠವಾದುದು ಇದೇ. ಆದರೆ ಅದರ 120 ಬಣ್ಣಗಳ ಪೂರ್ಣ ಪೆಟ್ಟಿಗೆ ಸಾಮಾನ್ಯ ಗೃಹಸ್ಥನ ಕೈಗೆಟುಕುವಂಥದಲ್ಲ. ನಮ್ಮ ಕ್ಯಾಮ್ಲಿನ್, ಡಾಮ್ಸ್, ಅಪ್ಸರಾಗಳ ಅಗ್ಗದ ಪೆಟ್ಟಿಗೆಗಳು ಶಾಲೆಯ ಮಕ್ಕಳನ್ನು ಉದ್ದೇಶಿಸಿದವು. ಅವುಗಳನ್ನು ಕಲಾವಿದರ ಪೆನ್ಸಿಲಿನೊಡನೆ ತೂಗುವುದು ನ್ಯಾಯವಲ್ಲ, ಅಭ್ಯಾಸಕ್ಕೆ ಅವು ಧಾರಾಳವಾಗಿ ಸಾಕು.

ಚಿತ್ರವನ್ನು ಗೋಡೆಗೇರಿಸುವ ಇಚ್ಛೆಯುಳ್ಳವರು ಮಾತ್ರ, ಬಣ್ಣವು ಬೆಳಕಿಗೆ ಮಾಸದೆ ನಿಲ್ಲುವುದೇ ಎಂಬುದನ್ನು ವಿಚಾರಿಸದೆ ಕೊಳ್ಳಬಾರದು. ಗುಲಾಬಿ, ನೇರಳೆಗಳಲ್ಲಿ ಅನೇಕವು ಬೇಗನೆ ಮಾಸುತ್ತವೆ. ದೊಡ್ಡ ಪೆಟ್ಟಿಗೆಯ ಆಸೆಯನ್ನು ತೊರೆದು, ಬಿಡಿಯಾಗಿ ಮಾರುವ ಅಂಗಡಿಯಲ್ಲಿ ಉತ್ತಮ ದರ್ಜೆಯ ಹನ್ನೆರಡನ್ನು ಆರಿಸಿಕೊಳ್ಳಬೇಕೆಂದು ವಾಚಕರಲ್ಲಿ ನನ್ನ ವಿಜ್ಞಾಪನೆ.