ಪದವಿ ಇದೆ, ಕೆಲಸವೆಲ್ಲಿ?

ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್‌ರವರು ಯಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂದು ಪ್ರತೀತಿ. ಆ ಬೆಳೆಯಿಂದ ಇಡೀ ಮಲೆನಾಡು ಬದುಕು ಕಟ್ಟಿಕೊಂಡಿತು. ಆದರೆ ಇಂದು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ನಮ್ಮ ಮೊಹಲ್ಲಾಗಳಲ್ಲಿ ಪದವಿ ಪಡೆದ ಯುವಕ ಗಲ್ಫ್ ವೀಸಾಕ್ಕಾಗಿ ಕಾಯುತ್ತಿದ್ದಾನೆ. ಅವನಷ್ಟೇ ಕಲಿತ ಸಹೋದರಿ ಮನೆಯಲ್ಲಿ ಕುಳಿತಿದ್ದಾಳೆ. ತೋಟಗಳಲ್ಲಿ ಕೆಲಸವಿಲ್ಲವೆಂದಲ್ಲ, ಕೊಯ್ಲಿಗೆ ದೂರದ ಅಸ್ಸಾಮಿನಿಂದಲೂ ಕಾರ್ಮಿಕರು ಬರುತ್ತಿದ್ದಾರೆ. ಆದರೆ ಅದು ಕೆಲವೇ ತಿಂಗಳ ಕೂಲಿ. ವರ್ಷವಿಡೀ ಸಂಬಳ ಬರುವ ಉದ್ಯೋಗವೇ ವಿರಳ.

ಸರಕಾರದ ಹೊಣೆಯನ್ನು ನಾವು ಮರೆಯುವಂತಿಲ್ಲ. ಐಎಎಸ್‌ನಲ್ಲಿ ಮುಸ್ಲಿಮರ ಪಾಲು ಕೇವಲ ಶೇ. 3 ಎಂದು 2006ರಲ್ಲಿ ಸಾಚಾರ್ ಸಮಿತಿ ತೋರಿಸಿಕೊಟ್ಟಿತು. ಹೀಗಿದ್ದೂ ರಾಜ್ಯದಲ್ಲಿ ಮುಸ್ಲಿಮರಿಗಿದ್ದ ಶೇ. 4ರ 2ಬಿ ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ ರದ್ದುಪಡಿಸಿತು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ನೀಡುತ್ತದೆ, ಅದೂ ಗರಿಷ್ಠ ಎರಡು ವರ್ಷ. ಭತ್ಯೆ ಆಸರೆಯಾದೀತೇ ಹೊರತು ಉದ್ಯೋಗವಾಗದು.

ಆದರೆ ಸರಕಾರವನ್ನು ದೂರಿದ ಮಾತ್ರಕ್ಕೆ ನಮ್ಮ ಹೊಣೆ ತೀರುವುದೇ? ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವಿದೆ. ಕಾಫಿ ಗುಣಮಟ್ಟ ನಿರ್ವಹಣೆಯಲ್ಲಿ ಕಾಫಿ ಮಂಡಳಿ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತಿದೆ. ಬಿಎಸ್ಸಿ ಮುಗಿಸಿದ ನಮ್ಮ ಎಷ್ಟು ಮಕ್ಕಳಿಗೆ ಈ ವಿಷಯ ತಿಳಿದಿದೆ? ಬೀಜದ ದರ್ಜೆ ವಿಂಗಡಣೆ, ಹುರಿಯುವಿಕೆ, ರುಚಿ ಪರೀಕ್ಷೆ, ಪಂಪು ಮತ್ತು ಪಲ್ಪರ್‌ಗಳ ದುರಸ್ತಿ ಇವೆಲ್ಲ ಮನೆಯಂಗಳದಲ್ಲೇ ಇರುವ ವೃತ್ತಿಗಳು. ಮದುವೆಯ ಒಂದು ದಿನದ ಆಡಂಬರಕ್ಕೆ ಲಕ್ಷಗಟ್ಟಲೆ ಸುರಿಯುವ ಕುಟುಂಬ, ಮಗನ ಅಥವಾ ಮಗಳ ತರಬೇತಿಗೆ ಹಣವಿಲ್ಲವೆಂದರೆ ಅದನ್ನು ಬಡತನವೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಸಹಾಯ ಕೇಳಿ ಬಂದ ಅನ್ಸಾರಿ ಸಹಾಬಿಯೊಬ್ಬರ ಹೊದಿಕೆಯನ್ನೂ ಬಟ್ಟಲನ್ನೂ ಪ್ರವಾದಿವರ್ಯರು(ಸ) ಎರಡು ದಿರ್ಹಮ್‌ಗೆ ಹರಾಜು ಹಾಕಿದರು. ಒಂದರಿಂದ ಮನೆಗೆ ಆಹಾರ ಒಯ್ಯಲು ಹೇಳಿ, ಇನ್ನೊಂದರಿಂದ ಕೊಡಲಿ ತರಿಸಿ, ಸ್ವತಃ ಅದಕ್ಕೆ ಹಿಡಿ ಜೋಡಿಸಿ, ಕಟ್ಟಿಗೆ ಕಡಿದು ಮಾರುವಂತೆ ಕಳುಹಿಸಿದರು. ನಮ್ಮ ಝಕಾತ್ ವಿತರಣೆಯಲ್ಲಿ ಈ ಕೊಡಲಿ ಎಲ್ಲಿದೆ? ರಮಝಾನಿನಲ್ಲಿ ನೂರು, ಇನ್ನೂರರ ನೋಟುಗಳಾಗಿ ಹಂಚಿಹೋಗುವ ಹಣವನ್ನು ಸಾಮೂಹಿಕವಾಗಿ ಸಂಗ್ರಹಿಸಿದರೆ, ಅರ್ಹ ಬಡ ಯುವಕನೊಬ್ಬನಿಗೆ ಉಪಕರಣ ಕೊಡಿಸಿ ಮುಂದಿನ ವರ್ಷ ಅವನನ್ನೇ ಝಕಾತ್ ಕೊಡುವವನನ್ನಾಗಿಸಬಹುದು.

ಪ್ರತಿ ಜಮಾಅತ್ ತನ್ನ ವ್ಯಾಪ್ತಿಯ ನಿರುದ್ಯೋಗಿ ಯುವಕ ಯುವತಿಯರ ಪಟ್ಟಿಯನ್ನು ಮೊದಲು ಸಿದ್ಧಪಡಿಸಲಿ. ಚಂದಾ ಬಾಕಿ ಇರುವವರ ಹೆಸರು ನಮ್ಮ ಮಸೀದಿಗಳ ಪುಸ್ತಕದಲ್ಲಿದೆ. ಕೆಲಸವಿಲ್ಲದವರ ಹೆಸರೂ ಅಲ್ಲಿರಬೇಕಲ್ಲವೇ?